ಬಿದ್ದ ಮರದಿಂದ ಬಡಿಸುವ ಹಲಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಳಿಗೆ ಬಿದ್ದ ಮರ, ರಸ್ತೆ ಅಗಲ ಮಾಡುವಾಗ ಕಡಿದ ಮರ, ಹಿತ್ತಲಲ್ಲಿ ಒಣಗಿ ನಿಂತ ಮರ. ಇವುಗಳಲ್ಲಿ ಎಷ್ಟೋ ಮರಗಳು ಸೌದೆಯಾಗುತ್ತವೆ, ಇಲ್ಲವೇ ಬಿದ್ದಲ್ಲೇ ಕೊಳೆಯುತ್ತವೆ. ಅದೇ ದಿಮ್ಮಿಯ ಒಂದು ಮೊಳದ ತುಂಡಿನಿಂದ ವರ್ಷಗಟ್ಟಲೆ ಬಾಳುವ ಬಡಿಸುವ ಹಲಗೆ ಮಾಡಬಹುದು. ನನ್ನನ್ನು ಜನ ಹೆಚ್ಚಾಗಿ ಕೇಳುವುದು ಎಣ್ಣೆಯ ಬಗ್ಗೆ, ಉಜ್ಜುವುದರ ಬಗ್ಗೆ. ಆದರೆ ಹಲಗೆ ಕೆಡುವುದು ಅದಕ್ಕೂ ಬಹಳ ಮೊದಲು, ಒಣಗಿಸುವಾಗ. ಹಾಗಾಗಿ ಇಲ್ಲಿ ಒಣಗಿಸುವ ಮಾತೇ ಜಾಸ್ತಿ ಇದೆ.

ಬಿದ್ದ ಮರ ಕಂಡರೆ ಸುಮ್ನೆ ತಂದುಬಿಡಬಹುದಾ?

ಬೇಡ. ಮರ ಬಿದ್ದಿದ್ದರೂ ಅದಕ್ಕೊಬ್ಬ ಒಡೆಯ ಇರುತ್ತಾನೆ. ಜಾಗದ ಮಾಲೀಕರನ್ನು ಕೇಳಿ. ರಸ್ತೆ ಬದಿಯದಾದರೆ ಆ ರಸ್ತೆ ನೋಡಿಕೊಳ್ಳುವ ಕಚೇರಿಯನ್ನು ಕೇಳಿ. ಮರ ಕಡಿಯುವ ಕೆಲಸದವರ ಪರಿಚಯ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಅವರಿಗೆ ದಿಮ್ಮಿ ಸಾಗಿಸುವುದೇ ದೊಡ್ಡ ತಲೆನೋವು.

ಒಂದು ಎಚ್ಚರಿಕೆ. ಬುಡಸಮೇತ ಕಿತ್ತು ಬಿದ್ದ ಮರದ ಕಾಂಡವನ್ನು ನೀವೇ ಕತ್ತರಿಸಲು ಹೋಗಬೇಡಿ. ಕಾಂಡದ ಭಾರ ಹೋದ ಕೂಡಲೇ ಬೇರಿನ ಗಡ್ಡೆ ಹಿಂದಕ್ಕೆ ಎದ್ದು ನಿಲ್ಲಬಹುದು. ಬಗ್ಗಿ ಒತ್ತಿಕೊಂಡಿರುವ ಕೊಂಬೆ ಬಿಲ್ಲಿನ ಹಾಗೆ ಚಿಮ್ಮುತ್ತದೆ. ವಿದ್ಯುತ್ ತಂತಿ ಹತ್ತಿರವಿದ್ದರಂತೂ ಮರದ ಬಳಿಗೇ ಹೋಗಬಾರದು. ಕಡಿಯುವ ಕೆಲಸ ಗೊತ್ತಿರುವವರಿಗೆ ಬಿಡಿ. ನಮ್ಮ ಕೆಲಸ ದಿಮ್ಮಿ ನೆಲದ ಮೇಲೆ ನೆಮ್ಮದಿಯಾಗಿ ಮಲಗಿದ ಮೇಲೆ ಶುರು.

ಯಾವ ಮರ ಒಳ್ಳೆಯದು?

ಗಟ್ಟಿಯಾಗಿರಬೇಕು, ರಂಧ್ರಗಳು ಸಣ್ಣದಾಗಿರಬೇಕು, ಘಾಟು ವಾಸನೆ ಇರಬಾರದು. ಮೇಪಲ್, ಚೆರ್ರಿ, ವಾಲ್‌ನಟ್, ಬೀಚ್ ಮರಗಳು ಈ ಕೆಲಸಕ್ಕೆ ಹೆಸರಾಗಿರುವುದು ಇದಕ್ಕೇ. ಹಲಸು ಚೆನ್ನಾಗಿ ಒಗ್ಗುತ್ತದೆ. ಕೊಯ್ದಾಗ ಅರಿಸಿನದ ಬಣ್ಣ ಇರುತ್ತದೆ, ಬೆಳಕಿಗೆ ಇಟ್ಟಂತೆ ಕಂದು ತಿರುಗುತ್ತದೆ. ಹುಣಸೆ ತುಂಬಾ ಗಟ್ಟಿ, ತುಂಬಾ ಭಾರ. ಅದರ ಚೇಗಿನಲ್ಲಿ (ಕಾಂಡದ ಒಳಗಿನ ಗಟ್ಟಿ ಭಾಗ) ಮಾಡಿದ ಹಲಗೆಗೆ ಸುಲಭಕ್ಕೆ ಗೀರು ಬೀಳುವುದಿಲ್ಲ, ಆದರೆ ಉಳಿ ಮತ್ತೆ ಮತ್ತೆ ಮಸೆಯಬೇಕು. ತೇಗ ನೀರಿಗೆ ಹೆದರದ ಮರ. ಅದರೊಳಗೆ ಮರಳಿನಂಥ ಸಿಲಿಕಾ ಇರುವುದರಿಂದ ಅದೂ ಹತಾರದ ಬಾಯಿ ಬೇಗ ಮೊಂಡು ಮಾಡುತ್ತದೆ.

ಮಾವು ನನ್ನ ಇಷ್ಟದ ಮರ. ಕೆಲಸಕ್ಕೆ ಬಗ್ಗುತ್ತದೆ, ಎಳೆಗಳಲ್ಲಿ ಕಂದು, ಹಳದಿ, ಕೆಲವೊಮ್ಮೆ ಬೂದು ಗೆರೆ ಓಡಿರುತ್ತದೆ. ಆದರೆ ಹಸಿ ಮಾವಿನ ಸೊನೆ ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ ಬಂದು ಗುಳ್ಳೆ ಏಳುತ್ತದೆ. ಅದು ಗೇರಿನ ಜಾತಿಯ ಮರ, ಅದಕ್ಕೇ. ಹಸಿ ದಿಮ್ಮಿ ಮುಟ್ಟುವಾಗ ತೋಳು ಮುಚ್ಚಿಕೊಳ್ಳಿ. ಇನ್ನೊಂದು ಮಾತು, ಮಾವನ್ನು ಕಡಿದ ಮೇಲೆ ತಿಂಗಳುಗಟ್ಟಲೆ ದಿಮ್ಮಿಯಾಗಿಯೇ ಬಿಟ್ಟರೆ ಹುಳು, ಬೂಸ್ಟು ಎರಡೂ ಬರುತ್ತವೆ. ಬೇಗ ಕೊಯ್ಯಿಸಿ.

ಬೇವು ಗಟ್ಟಿ ಮರ, ಹುಳುವೂ ಕಡಿಮೆ. ಆದರೆ ಅದರ ಕಹಿ ವಾಸನೆ ಬಹಳ ದಿನ ಉಳಿಯುತ್ತದೆ. ನಾನು ಅದನ್ನು ಬಡಿಸುವ ಹಲಗೆಗೆ ಬಳಸುವುದಿಲ್ಲ.

ಯಾವ ಮರ ಬೇಡವೇ ಬೇಡ?

ಕಣಗಿಲೆ. ಅದರ ಪ್ರತಿ ಭಾಗವೂ ವಿಷ, ಕಟ್ಟಿಗೆಯೂ ಸೇರಿ. ಮುರಿದರೆ ಬಿಳಿ ಹಾಲು ಬರುವ ಗಿಡಮರಗಳನ್ನು ಕೂಡ, ಯಾವುದೆಂದು ಖಚಿತವಾಗುವ ತನಕ ದೂರ ಇಡಿ (ಹಲಸಿಗೂ ಹಾಲಿದೆ, ಆದರೆ ಹಲಸು ಯಾರಿಗೆ ಗೊತ್ತಿಲ್ಲ, ಅಲ್ವಾ?). ಬಣ್ಣ ಬಳಿದ ಹಳೆ ಮರ, ಔಷಧಿ ಕುಡಿಸಿದ ಕಂಬ, ರೈಲು ಹಳಿಯ ಕೆಳಗಿನ ಮರ ಇವು ಯಾವುವೂ ತಿನ್ನುವ ಪದಾರ್ಥದ ಹತ್ತಿರ ಬರಬಾರದು.

ಕೆಂಪು ಓಕ್ ವಿಷವಲ್ಲ, ಆದರೆ ಅದರ ಎಳೆಗಳು ಕೊಳವೆಗಳ ಹಾಗೆ ತೆರೆದಿರುತ್ತವೆ. ಸಣ್ಣ ತುಂಡಿನ ಒಂದು ತುದಿ ನೀರಿನಲ್ಲಿಟ್ಟು ಇನ್ನೊಂದು ತುದಿಯಿಂದ ಊದಿದರೆ ಗುಳ್ಳೆ ಬರುತ್ತದೆ. ಅಂಥ ಮರ ರಸ, ಎಣ್ಣೆ ಎಲ್ಲ ಒಳಗೆ ಎಳೆದುಕೊಳ್ಳುತ್ತದೆ.

ಮರದ ಹೆಸರೇ ಗೊತ್ತಿಲ್ಲ. ಏನು ಮಾಡಲಿ?

ಎಲೆ, ತೊಗಟೆ, ಕಾಯಿ ಸಿಕ್ಕರೆ ಎತ್ತಿಟ್ಟುಕೊಂಡು ಗೊತ್ತಿರುವವರಿಗೆ ತೋರಿಸಿ. ಆಮೇಲೂ ತಿಳಿಯದಿದ್ದರೆ ಸ್ಟೂಲ್ ಮಾಡಿ, ಗೂಡು ಮಾಡಿ. ಬಡಿಸುವ ಹಲಗೆ ಮಾಡಬೇಡಿ.

ಕೊಂಬೆಯನ್ನು ಗುಂಡು ಬಿಲ್ಲೆಯಾಗಿ ಕೊಯ್ದರೆ ಚೆಂದ ಅಲ್ವಾ?

ನೋಡಲು ಚೆಂದ. ಆದರೆ ಸೀಳುತ್ತದೆ. ಒಣಗುವಾಗ ಮರ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ನಡುವಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುತ್ತದೋ, ಉಂಗುರಗಳ ಸುತ್ತ ಅದರ ಸುಮಾರು ಎರಡರಷ್ಟು ಕುಗ್ಗುತ್ತದೆ. ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಬಿಲ್ಲೆಯಲ್ಲಿ ಈ ಸೆಳೆತಕ್ಕೆ ಬೇರೆ ದಾರಿಯಿಲ್ಲ, ಅಂಚಿನಿಂದ ನಡುವಿನ ತನಕ ಒಂದು ಸೀಳು ಬಿಟ್ಟೇ ತೀರುತ್ತದೆ.

ದಿಮ್ಮಿಯನ್ನು ಉದ್ದಕ್ಕೆ ಕೊಯ್ಯಿಸಿ. ನಟ್ಟನಡುವಿನ ಮೆತ್ತನೆ ಚುಕ್ಕೆ ಯಾವ ಹಲಗೆಯಲ್ಲೂ ಉಳಿಯದಂತೆ ಕೊಯ್ಯಿಸಿ. ಆ ಚುಕ್ಕೆ ಇದ್ದ ಹಲಗೆ ಅಲ್ಲಿಂದಲೇ ಒಡೆಯುತ್ತದೆ.

ಮಿಲ್‌ಗೆ ಒಯ್ಯುವ ಮುಂಚೆ ಏನು ನೋಡಬೇಕು?

ಮೊಳೆ. ರಸ್ತೆ ಬದಿಯ, ಮನೆ ಮುಂದಿನ ಮರಗಳಲ್ಲಿ ಮೊಳೆ, ತಂತಿ, ಕೊಕ್ಕೆ ಒಳಗೇ ಸೇರಿಕೊಂಡಿರುತ್ತವೆ. ಮರ ಅದನ್ನು ನುಂಗಿ ಮೇಲೆ ತೊಗಟೆ ಬೆಳೆಸಿರುತ್ತದೆ. ದಿಮ್ಮಿಯ ತುದಿಯಲ್ಲಿ ನೀಲಿ ಕಪ್ಪು ಕಲೆ ಕಂಡರೆ ಅನುಮಾನ ಪಡಿ, ಕಬ್ಬಿಣ ಮರದ ಒಗರಿನ ಜೊತೆ ಸೇರಿ ಆ ಬಣ್ಣ ಬರುತ್ತದೆ. ಮೊಳೆ ಇರಬಹುದು ಎನಿಸಿದರೆ ಮಿಲ್‌ನವರಿಗೆ ಮೊದಲೇ ಹೇಳಿ. ಗರಗಸದ ಪಟ್ಟಿ ಹಾಳಾಗುವುದಷ್ಟೇ ಅಲ್ಲ, ಕೆಲಸ ಮಾಡುವವರ ಕಣ್ಣು, ಕೈಗೂ ಅಪಾಯ.

ಎರಡನೆಯದು, ದಿಮ್ಮಿ ಸಿಕ್ಕ ದಿನವೇ ಎರಡೂ ತುದಿಗೆ ಮೇಣ ಅಥವಾ ದಪ್ಪಗೆ ಬಣ್ಣ ಬಳಿಯಿರಿ. ನೀರು ತುದಿಯಿಂದ ಬಲು ಬೇಗ ಹೊರಗೆ ಹೋಗುತ್ತದೆ. ತುದಿ ಮೊದಲು ಒಣಗಿ ಕುಗ್ಗಿದರೆ ಸೀಳು ಅಲ್ಲಿಂದ ಶುರುವಾಗಿ ಒಳಗೆ ಹರಿಯುತ್ತದೆ. ನಾಳೆ ಬಳಿದರಾಯಿತು ಅಂದುಕೊಳ್ಳಬೇಡಿ.

ಎಷ್ಟು ದಪ್ಪ ಕೊಯ್ಯಿಸಲಿ?

ಕೊನೆಗೆ 20 ಮಿಲಿಮೀಟರ್ ಹಲಗೆ ಬೇಕಿದ್ದರೆ 30 ಮಿಲಿಮೀಟರ್. ಒಣಗುವಾಗ ಸ್ವಲ್ಪ ಕುಗ್ಗುತ್ತದೆ, ಸ್ವಲ್ಪ ಬಾಗುತ್ತದೆ, ಮಟ್ಟ ಮಾಡುವಾಗ ಉಳಿದದ್ದು ಹೋಗುತ್ತದೆ.

ಒಣಗಿಸುವುದು ಹೇಗೆ?

ಇದೇ ಮುಖ್ಯ ಪ್ರಶ್ನೆ.

ನೆಲದಿಂದ ಒಂದು ಗೇಣಾದರೂ ಮೇಲೆ, ಮಟ್ಟವಾದ ಆಸರೆಯ ಮೇಲೆ ಮೊದಲ ಹಲಗೆ ಇಡಿ. ಅದರ ಮೇಲೆ ಅಡ್ಡಡ್ಡಲಾಗಿ ಒಣ ಮರದ ಪಟ್ಟಿಗಳು. ಎಲ್ಲ ಪಟ್ಟಿಗಳೂ ಒಂದೇ ದಪ್ಪ ಇರಬೇಕು, ಸುಮಾರು 20 ಮಿಲಿಮೀಟರ್. ಎರಡು ಪಟ್ಟಿಗಳ ನಡುವೆ 30 ರಿಂದ 40 ಸೆಂಟಿಮೀಟರ್ ಅಂತರ. ಮತ್ತೆ ಹಲಗೆ, ಮತ್ತೆ ಪಟ್ಟಿ. ಮೇಲಿನ ಪಟ್ಟಿ ಕೆಳಗಿನ ಪಟ್ಟಿಯ ನೇರಕ್ಕೇ ಬರಬೇಕು. ಸ್ವಲ್ಪ ಪಕ್ಕಕ್ಕೆ ಸರಿದಿದ್ದರೂ ಆ ಜಾಗದಲ್ಲಿ ಹಲಗೆ ಬಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಕೊನೆಗೆ ಮೇಲೆ ಕಲ್ಲು ಅಥವಾ ಇಟ್ಟಿಗೆಯ ಭಾರ ಹೇರಿ.

ಜಾಗ ಎಂಥದ್ದಿರಬೇಕು? ಮೇಲೆ ಸೂರು, ಪಕ್ಕದಿಂದ ಗಾಳಿ. ಬಿಸಿಲು ನೇರ ಬೀಳಬಾರದು, ಮಳೆ ಎರಚಬಾರದು. ಪ್ಲಾಸ್ಟಿಕ್ ಹೊದಿಸಿ ಸುತ್ತಬೇಡಿ, ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ.

ನನ್ನ ಮೊದಲ ಮಾವಿನ ಹಲಗೆಯನ್ನು ಮೂರೇ ವಾರ ಒಣಗಿಸಿದ್ದೆ. ಕೈಗೆ ಒಣಗಿದ ಹಾಗೇ ಇತ್ತು. ಮಟ್ಟ ಮಾಡಿ, ನಯವಾಗಿ ಉಜ್ಜಿ, ಎಣ್ಣೆ ಹಚ್ಚಿ ಮೇಜಿನ ಮೇಲಿಟ್ಟೆ. ಹತ್ತನೆಯ ದಿನ ಅದರ ಮೇಲೆ ಲೋಟ ಇಟ್ಟಾಗ ಟಕ್ ಎಂದು ಸದ್ದು ಬಂತು. ಬೆರಳಿನಿಂದ ಒಂದು ಮೂಲೆ ಒತ್ತಿದರೆ ಎದುರು ಮೂಲೆ ಏಳುತ್ತಿತ್ತು. ಎರಡು ವಾರದ ಕೆಲಸ ಹೋದದ್ದಕ್ಕಿಂತ, ಅಂಥ ಒಳ್ಳೆಯ ತುಂಡನ್ನು ಕೆಡಿಸಿದೆನಲ್ಲ ಎಂದು ಬಹಳ ಬೇಜಾರಾಯಿತು. ಆ ಮರ ಅಷ್ಟು ದಪ್ಪ ಬೆಳೆಯಲು ನಲವತ್ತು ವರ್ಷವಾದರೂ ಹಿಡಿದಿರಬೇಕು.

ಎಷ್ಟು ದಿನ ಬೇಕು? ಒಣಗಿತು ಅಂತ ಹೇಗೆ ಗೊತ್ತಾಗುತ್ತದೆ?

25 ಮಿಲಿಮೀಟರ್ ದಪ್ಪಕ್ಕೆ ಒಂದು ವರ್ಷ ಎನ್ನುವುದು ಹಳೆಯ ಲೆಕ್ಕ. ಬಿಸಿ ಹವೆಯಲ್ಲಿ ಅದಕ್ಕಿಂತ ಬೇಗ, ತೇವದ ಜಾಗದಲ್ಲಿ ತಡ. ನಾನು ಕ್ಯಾಲೆಂಡರ್ ನಂಬುವುದಿಲ್ಲ, ತಕ್ಕಡಿ ನಂಬುತ್ತೇನೆ.

ಒಂದು ಹಲಗೆಗೆ ಗುರುತು ಹಾಕಿ. ಎರಡು ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ಹಲಗೆಯ ಮೇಲೇ ಪೆನ್ಸಿಲ್‌ನಿಂದ ಬರೆಯಿರಿ. ಮೊದಲು ಸರಸರ ಇಳಿಯುತ್ತದೆ, ಆಮೇಲೆ ನಿಧಾನ. ತೂಕ ಇಳಿಯುವುದು ನಿಂತ ಮೇಲೆ ಹಲಗೆಯನ್ನು ಮನೆಯೊಳಗೆ ತನ್ನಿ. ಇನ್ನೊಂದಿಷ್ಟು ಇಳಿಯುತ್ತದೆ. ಅದೂ ನಿಂತ ಮೇಲೆ ಕೆಲಸ ಶುರು ಮಾಡಿ.

ಲೆಕ್ಕ ಖಚಿತವಾಗಿ ಬೇಕಾದರೆ ಹಲಗೆಯ ನಡುಭಾಗದಿಂದ ಸಣ್ಣ ತುಂಡು ಕತ್ತರಿಸಿ ತೂಗಿ. ಓವನ್‌ನಲ್ಲಿ 103 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಿ. ಮೊದಲು 60 ಗ್ರಾಂ ಇದ್ದು ಈಗ 50 ಗ್ರಾಂ ಆಗಿದ್ದರೆ, ಹೋದ ನೀರು 10 ಗ್ರಾಂ. 10ನ್ನು ಒಣ ತೂಕ 50ರಿಂದ ಭಾಗಿಸಿದರೆ ಶೇ. 20. ಬಡಿಸುವ ಹಲಗೆಗೆ ಶೇ. 8 ರಿಂದ 12 ಇದ್ದರೆ ಚೆನ್ನ. ಹಸಿ ಮರದ ನೀರು ಸುಮಾರು ಶೇ. 30ಕ್ಕೆ ಇಳಿಯುವ ತನಕ ಮರ ಹೆಚ್ಚೇನೂ ಕುಗ್ಗುವುದಿಲ್ಲ. ಕುಗ್ಗುವುದು, ಬಾಗುವುದು ಎಲ್ಲ ಅದಕ್ಕಿಂತ ಕೆಳಗೆ ಇಳಿದಾಗ. ಮೇಲೆ ಹೇಳಿದ ನನ್ನ ಹಲಗೆ ಸರಿಯಾಗಿ ಆ ಹಂತದಲ್ಲಿತ್ತು.

ಬಿಸಿಲಿಗೆ ಇಟ್ಟರೆ ಬೇಗ ಒಣಗುವುದಿಲ್ಲವೇ?

ಮೇಲ್ಮೈ ಬೇಗ ಒಣಗುತ್ತದೆ, ಒಳಗೆ ಹಸಿಯೇ ಇರುತ್ತದೆ. ಅದಕ್ಕೇ ಬಿರುಕು ಬಿಡುತ್ತದೆ. ಬೇಡ.

ಸಣ್ಣ ತೂತು, ಹಿಟ್ಟಿನಂಥ ಪುಡಿ ಕಾಣುತ್ತಿದೆ. ಹುಳುವೇ?

ಹೌದು, ಕುಟ್ಟೆ ಹುಳು. ಅದು ಮುಖ್ಯವಾಗಿ ಹೊರಗಿನ ಬಿಳಿ ಭಾಗವನ್ನು ತಿನ್ನುತ್ತದೆ. ಅಲ್ಲಿ ಪಿಷ್ಟ ಇರುತ್ತದೆ, ಹುಳುವಿಗೆ ಬೇಕಾದದ್ದು ಅದೇ. ಚೇಗು ಮಾತ್ರ ಬಳಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಕೀಟನಾಶಕ ಬಳಿಯಬೇಡಿ, ಇದು ತಿನ್ನುವ ಪದಾರ್ಥ ಇಡುವ ಹಲಗೆ. ಬಿಸಿ ಮಾಡಿದರೆ ಹುಳು ಸಾಯುತ್ತದೆ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಕಿಂಗ್ ಮರಕ್ಕೆ ಇರುವ ಅಂತರರಾಷ್ಟ್ರೀಯ ನಿಯಮದಲ್ಲಿ, ಮರದ ನಟ್ಟನಡುವೆ 56 ಡಿಗ್ರಿ ಸೆಲ್ಸಿಯಸ್ ಶಾಖ 30 ನಿಮಿಷ ಇರಬೇಕು ಎಂದಿದೆ. ಒಣಗಿದ ಸಣ್ಣ ಹಲಗೆಯನ್ನು ಓವನ್‌ನಲ್ಲಿ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ನಾಲ್ಕು ಗಂಟೆ ಇಟ್ಟರೆ ಒಳಗಿನ ತನಕ ಶಾಖ ಮುಟ್ಟುತ್ತದೆ. ಓವನ್ ಬಿಟ್ಟು ಆಚೀಚೆ ಹೋಗಬೇಡಿ.

ಮರದಲ್ಲಿ ಕಪ್ಪು ಗೆರೆಗಳ ಚಿತ್ತಾರ ಇದೆ. ಬಳಸಬಹುದಾ?

ಅದು ಕೊಳೆಯುವ ಶುರು, ಶಿಲೀಂಧ್ರ ಬರೆದ ಗೆರೆ. ಉಗುರಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದು ಪೂರ್ತಿ ಒಣಗಿದ್ದರೆ ಶಿಲೀಂಧ್ರ ಮುಂದೆ ಬೆಳೆಯುವುದಿಲ್ಲ. ಉಗುರು ಒಳಗೆ ಇಳಿದರೆ ಆ ಭಾಗ ಬಿಡಿ. ನಾನಂತೂ ಇಂಥ ಮರವನ್ನು ಗೋಡೆಗೆ ತೂಗುಹಾಕುವ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ.

ಯಾವ ಹತಾರ ಬೇಕು?

ಕೈಗರಗಸ, ಕೀಸುಳಿ (ನಿಮ್ಮ ಕಡೆ ತೋಪಡ ಅನ್ನಬಹುದು), ಒಂದು ಉಳಿ, ಮೂಲೆಮಟ್ಟ, ಅರ, ತೂತು ಕೊರೆಯಲು ಡ್ರಿಲ್, ಎರಡು ಕ್ಲಾಂಪ್, ಸ್ಯಾಂಡ್ ಪೇಪರ್. ಯಂತ್ರ ಇದ್ದರೆ ಬೇಗ ಆಗುತ್ತದೆ, ಇಲ್ಲದಿದ್ದರೂ ಆಗುತ್ತದೆ. ಇದ್ದದ್ದರಲ್ಲಿ ಒಂದಕ್ಕೆ ದುಡ್ಡು ಹಾಕುವುದಾದರೆ ಒಳ್ಳೆಯ ಕೀಸುಳಿಗೆ ಹಾಕಿ, ಜೊತೆಗೆ ಮಸೆಯುವ ಕಲ್ಲು.

ಅಳತೆ ಎಷ್ಟಿರಲಿ?

ಮೊದಲ ಹಲಗೆಗೆ 40 ಸೆಂಟಿಮೀಟರ್ ಉದ್ದ, 20 ಅಗಲ, 2 ದಪ್ಪ. ಮಧ್ಯಮ ತೂಕದ ಮರವಾದರೆ ಸುಮಾರು ಒಂದು ಕಿಲೋ ತೂಗುತ್ತದೆ, ಒಂದು ಕೈಯಲ್ಲಿ ಹಿಡಿಯಬಹುದು. ಹುಣಸೆಯಾದರೆ ಇನ್ನೂ ಭಾರ. ಹಿಡಿಗೆ ತೂತು ಬೇಕಿದ್ದರೆ 30 ಮಿಲಿಮೀಟರ್ ಸಾಕು, ಅಂಚಿನಿಂದ 25 ಮಿಲಿಮೀಟರ್ ಆದರೂ ಒಳಗಿರಲಿ. ತೂತು ಕೊರೆಯುವಾಗ ಕೆಳಗೆ ಒಂದು ಬೇಡದ ಹಲಗೆ ಇಟ್ಟು ಬಿಗಿಯಿರಿ, ಇಲ್ಲದಿದ್ದರೆ ಆಚೆ ಬದಿಯಲ್ಲಿ ಮರ ಕಿತ್ತು ಬರುತ್ತದೆ.

ತಿರುಚಿಕೊಂಡ ಹಲಗೆಯನ್ನು ಕೈಯಲ್ಲೇ ಮಟ್ಟ ಮಾಡಬಹುದಾ?

ಮಾಡಬಹುದು. ಎರಡು ನೇರವಾದ ಪಟ್ಟಿಗಳನ್ನು ಹಲಗೆಯ ಎರಡು ತುದಿಯಲ್ಲಿ ಅಡ್ಡಲಾಗಿ ನಿಲ್ಲಿಸಿ. ಕಣ್ಣನ್ನು ಪಟ್ಟಿಯ ಮಟ್ಟಕ್ಕೆ ತಂದು ಒಂದರ ಮೇಲಿಂದ ಇನ್ನೊಂದನ್ನು ನೋಡಿ. ಎರಡೂ ಅಂಚು ಒಂದೇ ಗೆರೆಯಾಗಿ ಕಂಡರೆ ಹಲಗೆ ನೆಟ್ಟಗಿದೆ. ಒಂದು ಬದಿ ಎದ್ದು ಕಂಡರೆ ಆ ಮೂಲೆ ಎತ್ತರ. ಅಲ್ಲಿಗೆ ಪೆನ್ಸಿಲ್ ಗೀಚಿ, ಗೀಚಿದಷ್ಟನ್ನೇ ಕೀಸಿ, ಮತ್ತೆ ನೋಡಿ.

ಕೀಸುವಾಗ ಮರ ಹರಿದು ಎದ್ದರೆ ನೀವು ಎಳೆಗೆ ಎದುರಾಗಿ ಹೋಗುತ್ತಿದ್ದೀರಿ. ಹಲಗೆ ತಿರುಗಿಸಿ. ಸರಿಯಾದ ದಿಕ್ಕಿನಲ್ಲಿ ಹೋದಾಗ ಸದ್ದೇ ಬದಲಾಗುತ್ತದೆ. ಸುರುಳಿ ಉದ್ದಕ್ಕೆ ಬರುತ್ತದೆ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳು.

ಉಜ್ಜುವುದು ಎಲ್ಲಿಯ ತನಕ?

ಸ್ಯಾಂಡ್ ಪೇಪರ್ ನಂಬರ್ 80, 120, 180, 220, ಒರಟಿನಿಂದ ನಯಕ್ಕೆ. ಈ ನಂಬರ್‌ಗಳನ್ನು ಹಾರಿಸಬೇಡಿ. 80ರ ಗೀರು 120ರಲ್ಲೇ ಹೋಗಬೇಕು, 220ರಲ್ಲಿ ಹೋಗುವುದಿಲ್ಲ. ಯಾವಾಗಲೂ ಎಳೆಯ ಉದ್ದಕ್ಕೆ ಉಜ್ಜಿ. ಗೀರು ಉಳಿದಿದೆಯೇ ಎಂದು ನೋಡಲು ಹಲಗೆಯನ್ನು ಕಿಟಕಿಯ ಬಳಿ ಓರೆಯಾಗಿ ಹಿಡಿಯಿರಿ.

ಆಮೇಲೆ ಹೆಚ್ಚಿನವರು ಬಿಟ್ಟುಬಿಡುವ ಹಂತ. ಒದ್ದೆ ಬಟ್ಟೆಯಿಂದ ಹಲಗೆ ಪೂರ್ತಿ ಒರೆಸಿ, ಒಣಗಲು ಬಿಡಿ. ಈಗ ಕೈಯಾಡಿಸಿದರೆ ಮತ್ತೆ ಒರಟು, ಒಂದು ದಿನ ಬೋಳಿಸದ ಗಡ್ಡದ ಹಾಗೆ. ಒತ್ತಿಹೋಗಿದ್ದ ಎಳೆಗಳು ನೀರು ಕುಡಿದು ಎದ್ದಿರುತ್ತವೆ. 220ರಲ್ಲಿ ಹಗುರವಾಗಿ ಒಮ್ಮೆ ಉಜ್ಜಿ. ಎರಡು ಸಲ ಹೀಗೆ ಮಾಡಿದರೆ ಮುಂದೆ ತೊಳೆದಾಗ ಹಲಗೆ ಒರಟಾಗುವುದಿಲ್ಲ.

ಧೂಳಿಗೆ ಮಾಸ್ಕ್ ಬೇಕೇ ಬೇಕಾ?

ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿಗೆ ಕರ್ಚೀಫ್ ಕಟ್ಟಿದರೆ ಸಾಲದು, ಎನ್95 ಅಥವಾ ಅದಕ್ಕೆ ಸಮನಾದ ಮಾಸ್ಕ್ ಹಾಕಿ. ಹೊರಗೆ ಗಾಳಿಯಲ್ಲಿ ಉಜ್ಜಿ.

ಯಾವ ಎಣ್ಣೆ ಹಚ್ಚಲಿ?

ಔಷಧಿ ಅಂಗಡಿಯಲ್ಲಿ ಸಿಗುವ, ಸುವಾಸನೆ ಸೇರಿಸದ ಲಿಕ್ವಿಡ್ ಪ್ಯಾರಫಿನ್. ಅದು ಕಮಟು ಹಿಡಿಯುವುದಿಲ್ಲ. ಅಡುಗೆ ಎಣ್ಣೆಗಳು ಮರದೊಳಗೆ ಕೂತು ಕೆಲವೇ ತಿಂಗಳಲ್ಲಿ ಕಮಟು ವಾಸನೆ ಬರುತ್ತವೆ, ಕೈಗೆ ಅಂಟಂಟಾಗುತ್ತವೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ, ಒಳ್ಳೆಯದೇ. ಆದರೆ ಶುದ್ಧ ಎಣ್ಣೆ ತನ್ನಿ. ಬಣ್ಣದ ಅಂಗಡಿಯಲ್ಲಿ "ಬಾಯ್ಲ್ಡ್" ಎಂದು ಮಾರುವುದರಲ್ಲಿ ಬೇಗ ಒಣಗಲು ಲೋಹದ ರಾಸಾಯನಿಕ ಬೆರೆಸಿರುತ್ತಾರೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ಅದು ಬಿಸಿಯಾಗಿ ತಾನಾಗೇ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಹಾಕಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ.

ಪ್ಯಾರಫಿನ್ ಹಚ್ಚುವುದು ಸುಲಭ. ಧಾರಾಳವಾಗಿ ಸುರಿದು ಬಟ್ಟೆಯಿಂದ ಹರಡಿ. ಎರಡೂ ಮುಖ, ಎಲ್ಲ ಅಂಚು, ತೂತಿನ ಒಳಗೆ ಕೂಡ. ಒಂದೇ ಮುಖಕ್ಕೆ ಹಚ್ಚಿದರೆ ಇನ್ನೊಂದು ಮುಖ ಮಾತ್ರ ತೇವ ಎಳೆದು ಹಲಗೆ ಬಾಗುತ್ತದೆ. ತುದಿಗಳು ಎಷ್ಟು ಕೊಟ್ಟರೂ ಕುಡಿಯುತ್ತವೆ, ಕೊಡಿ. ರಾತ್ರಿ ಬಿಟ್ಟು ಬೆಳಿಗ್ಗೆ ಒರೆಸಿ. ಹೀಗೆ ಮೂರು ಸಲ.

ಮೊದಲ ಸಲ ಎಣ್ಣೆ ಬಿದ್ದಾಗ ಗಮನಿಸಿ ನೋಡಿ. ಧೂಳು ಬಣ್ಣದ ಹಲಗೆಯಲ್ಲಿ ಎಣ್ಣೆ ಹರಿದ ದಾರಿಯಲ್ಲೇ ಒಂದೊಂದು ಉಂಗುರ ಎದ್ದು ಬರುತ್ತದೆ. ಮಳೆ ಕಮ್ಮಿ ಇದ್ದ ವರ್ಷದ ಒತ್ತೊತ್ತಾದ ಗೆರೆ, ಒಂದು ಕೊಂಬೆ ಮುರಿದು ಗಾಯ ಮುಚ್ಚಿಕೊಂಡ ಜಾಗ, ಎಲ್ಲ ಕಾಣುತ್ತದೆ. ಇಷ್ಟು ವರ್ಷ ಮಾಡಿದರೂ ನಾನು ಆ ಹೊತ್ತಿಗೆ ಕಾಯುತ್ತೇನೆ.

ಕೊನೆಗೆ ಮೇಣ. ಒಂದು ಪಾಲು ಜೇನುಮೇಣ, ನಾಲ್ಕು ಪಾಲು ಅದೇ ಪ್ಯಾರಫಿನ್, ತೂಕದ ಲೆಕ್ಕದಲ್ಲಿ. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ನೇರ ಉರಿಯ ಮೇಲೆ ಬೇಡ. ಆರಿದ ಮೇಲೆ ಬೆಣ್ಣೆಯ ಹಾಗೆ ಆಗುತ್ತದೆ. ಬಟ್ಟೆಯಿಂದ ಹಚ್ಚಿ, ಅರ್ಧ ಗಂಟೆ ಬಿಟ್ಟು ತಿಕ್ಕಿ.

ಅಂಚಿನಲ್ಲಿ ತೊಗಟೆ ಉಳಿಸಬಹುದಾ?

ಬೇಡ. ಇವತ್ತಲ್ಲ ನಾಳೆ ಉದುರುತ್ತದೆ, ಅದರ ಸಂದಿನಲ್ಲಿ ಕೊಳೆ ಸೇರುತ್ತದೆ. ತೊಗಟೆ ಕಿತ್ತು, ಅದರ ಕೆಳಗಿನ ಅಂಕುಡೊಂಕು ಅಂಚನ್ನು ಹಾಗೇ ನಯ ಮಾಡಿ ಬಿಡಿ. ಆ ಚೆಂದ ಉಳಿಯುತ್ತದೆ.

ಬಿರುಕಿಗೆ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ಅಂಟು) ತುಂಬಬಹುದಾ?

ಗಂಟಿನ ಸಣ್ಣ ಬಿರುಕಿಗೆ ಪರವಾಗಿಲ್ಲ. ಪೂರ್ತಿ ಗಟ್ಟಿಯಾಗುವ ತನಕ, ಡಬ್ಬಿಯ ಮೇಲೆ ಬರೆದಷ್ಟು ದಿನ ಬಿಡಿ. ತುಂಬಾ ಬಿಸಿ ಪಾತ್ರೆ ಇಟ್ಟರೆ ರೆಸಿನ್ ಮೆತ್ತಗಾಗುತ್ತದೆ. ಅಡ್ಡಲಾಗಿ ಹರಿದ ದೊಡ್ಡ ಸೀಳಾದರೆ ಅಲ್ಲಿಗೇ ಕತ್ತರಿಸಿ ಎರಡು ಸಣ್ಣ ಹಲಗೆ ಮಾಡಿ.

ಮರದ ಹಲಗೆ ಶುಚಿಯೇ? ಪ್ಲಾಸ್ಟಿಕ್ ಒಳ್ಳೆಯದು ಅನ್ನುತ್ತಾರಲ್ಲ?

ಅಮೆರಿಕದ ಸೂಕ್ಷ್ಮಾಣು ವಿಜ್ಞಾನಿ ಡೀನ್ ಕ್ಲೈವರ್ 1990ರ ದಶಕದಲ್ಲಿ ಇದನ್ನೇ ಪರೀಕ್ಷಿಸಿದರು. ಮರದ ಮೇಲೆ ಬಿದ್ದ ಬ್ಯಾಕ್ಟೀರಿಯಾ ತೇವದ ಜೊತೆ ಒಳಗೆ ಇಳಿದು, ಅಲ್ಲಿ ಹೆಚ್ಚದೆ ಕ್ರಮೇಣ ಸಾಯುತ್ತವೆ ಎಂದು ಕಂಡುಬಂತು. ಚಾಕುವಿನ ಗೀರು ಬಿದ್ದ ಹಳೆ ಪ್ಲಾಸ್ಟಿಕ್ ಹಲಗೆಯನ್ನು ಕೈಯಲ್ಲಿ ತೊಳೆದು ಶುಚಿ ಮಾಡುವುದೇ ಕಷ್ಟವಾಗಿತ್ತು. ಹಾಗಂತ ಮರದ ಹಲಗೆ ತೊಳೆಯದೆ ಬಿಡಬಹುದು ಎಂದಲ್ಲ. ಹಸಿ ಮಾಂಸ, ಮೀನಿಗೆ ಬೇರೆಯದೇ ಹಲಗೆ ಇರಲಿ.

ತೊಳೆಯುವುದು ಹೇಗೆ?

ಬೆಚ್ಚಗಿನ ನೀರು, ಸ್ವಲ್ಪ ಸೋಪು, ಬೇಗ ತೊಳೆದು ಬೇಗ ಒರೆಸಿ. ಎರಡೂ ಮುಖಕ್ಕೆ ಗಾಳಿ ಆಡುವಂತೆ ಗೋಡೆಗೆ ಒರಗಿಸಿ ನಿಲ್ಲಿಸಿ. ಸಿಂಕ್‌ನಲ್ಲಿ ನೆನೆಹಾಕಬಾರದು, ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಲೇಬಾರದು. ಆಗಾಗ ಒಂದು ಹನಿ ನೀರು ಬಿಟ್ಟು ನೋಡಿ. ಮುತ್ತಿನ ಹಾಗೆ ನಿಂತರೆ ಎಣ್ಣೆ ಸಾಕಷ್ಟಿದೆ. ಇಂಗಿ ಕಪ್ಪಾದರೆ ಆ ಸಂಜೆಯೇ ಎಣ್ಣೆ ಹಚ್ಚಿ.

ಬಳಸುತ್ತಾ ಬಳಸುತ್ತಾ ಹಲಗೆ ಬಾಗಿದೆ. ಎಸೆಯಬೇಕಾ?

ಎಸೆಯಬೇಡಿ. ಒದ್ದೆ ಬಟ್ಟೆ ಹಾಸಿ, ತಗ್ಗಾದ ಮುಖ ಅದರ ಮೇಲೆ ಬರುವಂತೆ ಮಗುಚಿ ಇಡಿ. ಒಣಗಿ ಕುಗ್ಗಿದ್ದ ಆ ಮುಖ ತೇವ ಎಳೆದು ಹಿಗ್ಗುತ್ತದೆ. ಕೆಲವು ಗಂಟೆಗೊಮ್ಮೆ ನೋಡಿ, ನೆಟ್ಟಗಾದ ಕೂಡಲೇ ತೆಗೆದು ಪಟ್ಟಿಗಳ ಮೇಲಿಟ್ಟು, ಭಾರ ಹೇರಿ, ನಿಧಾನವಾಗಿ ಒಣಗಿಸಿ. ಆಮೇಲೆ ಎರಡೂ ಮುಖಕ್ಕೆ ಎಣ್ಣೆ.

ನನ್ನ ಆ ಮಾವಿನ ಹಲಗೆ ತಿರುಚಿಕೊಂಡದ್ದು, ಇದರಿಂದ ಸರಿಹೋಗುವ ಬಾಗಲ್ಲ. ಅದನ್ನು ಮತ್ತೆ ಎಂಟು ತಿಂಗಳು ಅಟ್ಟದಲ್ಲಿ ಒಣಗಲು ಬಿಟ್ಟು, ಮೂಲೆಗಳನ್ನು ಕೀಸಿ ಮಟ್ಟ ಮಾಡಿದೆ. ಈಗ 13 ಮಿಲಿಮೀಟರ್ ಉಳಿದಿದೆ. ದಿನಾ ಬಳಸುತ್ತೇವೆ.